ಶಂಭುಲಿಂಗಪ್ಪನವರ ಒಂಬತ್ತನೆಯ ಸರದಿ

ಶಂಭುಲಿಂಗಪ್ಪನವರು ಯಾವುದನ್ನೂ ಮುಗಿಯಬೇಕಾದಲ್ಲಿ ಮುಗಿಸಿದವರಲ್ಲ: ಬೀಳ್ಕೊಂಡ ಮೇಲೂ ತಿರುಗಿ ಬಂದು ಮತ್ತೊಂದು ನಮಸ್ಕಾರ, ಮೆಟ್ಟಿಲು ತೀರಿದ ಮೇಲೂ ಗಾಳಿಯಲ್ಲಿ ಮತ್ತೊಂದು ಹೆಜ್ಜೆ. ಮೂವತ್ತು ವರ್ಷ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಬಟ್ಟೆ ಅಳೆದು, ಪ್ರತಿ ಗಿರಾಕಿಗೂ ಅಳತೆಯ ಮೇಲೆ ನಾಲ್ಕು ಬೆರಳು ಕೊಸರು ಬಿಟ್ಟೇ ಕತ್ತರಿ ಹಾಕಿದ ಆ ಕೈ, ಎಪ್ಪತ್ತೆಂಟನೆಯ ಇಸವಿಯಲ್ಲಿ, ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯಲು ಹೊರಟಿತು.

ಅದನ್ನು ಕಲಿಸುವ ಬಸವನಗುಡಿಯ ಸಂಜೆ ತರಗತಿಯಲ್ಲಿ ನಾನು ಅವರ ಪಕ್ಕದವನು. ಸಿಸ್ಟರುಗಳು ಬೆತ್ತ ಹಿಡಿದು ತಿದ್ದಿದ ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಯಂತ್ರ ಕಿಂಚಿತ್ತೂ ಮರ್ಯಾದೆ ಕೊಡಲಿಲ್ಲವೆಂಬುದು ಬೇರೆಯೇ ಗರ್ವಭಂಗದ ಕಥೆ. ಅವರ ಕರಿಕೋಟಿನ ಒಂದು ಜೇಬಿನಲ್ಲಿ ಅಳತೆಯ ಟೇಪು, ಇನ್ನೊಂದರಲ್ಲಿ ರಬ್ಬರ್ ಬ್ಯಾಂಡು ಸುತ್ತಿದ, ತೂತು ಕೊರೆದ ಕಾರ್ಡುಗಳು. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ಕಾರ್ಡು; ಗುರುವಾರ ಕೊಟ್ಟರೆ ಶನಿವಾರ ಯಂತ್ರದ ಉತ್ತರ. ಒಂದು ಅಲ್ಪವಿರಾಮ ತಪ್ಪಿದರೆ ಇಡೀ ವಾರಕ್ಕೆ ಪೂರ್ಣವಿರಾಮ. ಪಾಠಕ್ಕೆ ಕೊಟ್ಟ ಸಂಬಳಪಟ್ಟಿಯ ಪ್ರೋಗ್ರಾಮು ಮೂರು ಸಲ ಮುಗ್ಗರಿಸಿದಾಗ ಅವರು ಬಾಡಿಹೋದರು. ಯಾವುದಾದರೂ ಸರಿ, ತಿಂಗಳೊಳಗೆ ಒಂದು ಪ್ರೋಗ್ರಾಮು ನೆಟ್ಟಗೆ ಓಡದಿದ್ದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವೆನೆಂದರು ಮೇಷ್ಟ್ರು ನರಸಿಂಹಯ್ಯ.

ಶಂಭುಲಿಂಗಪ್ಪನವರನ್ನು ಎತ್ತಿ ನಿಲ್ಲಿಸಿದ್ದು ಚಾಮರಾಜಪೇಟೆಯ ಅವರ ವಠಾರದ ನಲ್ಲಿ. ಎಂಟು ಮನೆಗೆ ಅದೊಂದೇ, ಬೆಳಿಗ್ಗೆ ಐದರಿಂದ ಏಳೂಕಾಲರವರೆಗೆ ನೀರು; ನಲ್ಲಿಗಾಗಿ ನಲ್ಲೆಯರ ನಿತ್ಯಕಲಹ.

"ಯಾರ್ದೋ ಸಂಬಳ ಕಟ್ಕೊಂಡು ನನಗೇನಾಗ್ಬೇಕು? ನಮ್ಮ ಬಿಂದಿಗೆ ತುಂಬಿಸ್ತೀನಿ ನೋಡಿ" ಎಂದರು.

ಮನೆಗೆ ಕಾಲು ಗಂಟೆ, ದಿನಕ್ಕೊಬ್ಬರಿಗೆ ಮೊದಲ ಸರದಿ ಬರುವಂತೆ ಕಾರ್ಡು ಕೊರೆದರು. ಬಾಡಿಹೋಗಿದ್ದ ಮನುಷ್ಯ ಈಗ ತರಗತಿಗೆ ಎಲ್ಲರಿಗಿಂತ ಮೊದಲು ಹಾಜರು. ಶನಿವಾರ ಹಾಳೆ ಹೊರಬಿದ್ದಾಗ ಇಬ್ಬರೂ ಸಾಲು ಸಾಲಿಗೂ ಬೆರಳಿಟ್ಟು ಓದಿದೆವು: ಎಂಟು ಹೆಸರು, ಎಂಟು ವೇಳೆ, ಎಲ್ಲ ಸರಿ. ಕೆಳಗೆ ಒಂಬತ್ತನೆಯ ಸಾಲು: ಏಳರಿಂದ ಏಳೂಕಾಲು, ಹೆಸರಿಲ್ಲ.

ನರಸಿಂಹಯ್ಯ ಕೆಂಪು ಪೆನ್ಸಿಲ್ ಎತ್ತಿದರು. "ಎಂಟು ಮನೆಗೆ ಒಂಬತ್ತು ಸರದಿ ಯಾಕೆ ಯಜಮಾನ್ರೇ?"

"ಕೈ ಚಾಳಿ ಸಾರ್. ಕೊಸರು ಬಿಡದೆ ಕತ್ತರಿ ಹಾಕಿ ಗೊತ್ತಿಲ್ಲ."

ಇನ್ನೊಂದೇ ಶನಿವಾರ, ಅದೇ ಕೊನೆ ಎಂದು ಅಪ್ಪಣೆಯಾಯಿತು. ಶಂಭುಲಿಂಗಪ್ಪನವರು ಆ ತಪ್ಪು ಹಾಳೆಯನ್ನೇ ನಲ್ಲಿಯ ಪಕ್ಕ ಅಂಟಿಸಿದರು. ಸೋಮವಾರ ಮಗುವಿನ ಜ್ವರದಲ್ಲಿ ಸರದಿ ಕಳೆದುಕೊಂಡ ವಠಾರದ ಅಂಜಮ್ಮ ಆ ಅನಾಮಧೇಯ ಕಾಲು ಗಂಟೆಯಲ್ಲಿ ನೀರು ಹಿಡಿದರು. ಮಂಗಳವಾರ, ನೆಂಟರು ಬಂದಿಳಿದ ಮನೆಯವರು. ಬುಧವಾರ ವಠಾರ ಅಸ್ವಾಭಾವಿಕವಾಗಿ ಶಾಂತವಾಗಿತ್ತು. ಕಾರ್ಡು ತಿದ್ದಲು ಕುಳಿತ ಗಂಡನಿಗೆ ಸರ್ವಮಂಗಳಮ್ಮ ಹೇಳಿದರಂತೆ: "ರೀ, ಆ ಕೊನೇದನ್ನ ಮಾತ್ರ ತೆಗೀಬೇಡಿ. ಅದ್ರಿಂದ್ಲೇ ಎಲ್ರೂ ಬಾಯಿ ಮುಚ್ಕೊಂಡಿರೋದು."

ತೆಗೆಯಲಿಲ್ಲ, ಒಂದು ಕಾರ್ಡು ಸೇರಿಸಿದರು. ಕೊನೆಯ ಶನಿವಾರದ ಹಾಳೆಯಲ್ಲಿ, ಒಂಬತ್ತನೆಯ ಸಾಲಿನ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿತ್ತು: ಯಾರಾದರೂ. ನರಸಿಂಹಯ್ಯ ಎರಡು ಸಲ ಓದಿ, ಪೆನ್ಸಿಲ್ ಕೆಳಗಿಟ್ಟು, ಪೆನ್ನು ತೆಗೆದು ಸಹಿ ಹಾಕಿದರು. ನಾನು ಕೈ ಕುಲುಕುವಷ್ಟರಲ್ಲಿ ಶಂಭುಲಿಂಗಪ್ಪನವರು ವಠಾರದಲ್ಲಿ ಹಪ್ಪಳ ಒಣಹಾಕುವ ಸರದಿಗೆ ಎಷ್ಟು ಕಾರ್ಡು ಬೇಕೆಂದು ಎಣಿಸುತ್ತ ಮೆಟ್ಟಿಲಿಳಿದು, ತೀರಿದ ಮೇಲೂ ಒಂದು ಹೆಜ್ಜೆ ಇಟ್ಟರು.

ಇಂಥವರದೊಂದು ಕುಲವೇ ಇದೆ. ವಿದ್ಯೆ ಮನೆಯ ಬಿಂದಿಗೆಗೆ ಇಳಿಯುವವರೆಗೂ ಅದು ಅವರಿಗೆ ಒಲಿಯದು. ಇಳಿದ ಮೇಲೆ ತಮಗೆ ಸಾಕಾದಷ್ಟಕ್ಕೇ ನಿಲ್ಲಿಸುವುದು ಅವರಿಗೆ ಬಾರದು. ಇನ್ನೂ ಬಾರದಿರುವ ಯಾರಿಗೋ ಕಾಲು ಗಂಟೆ ಎತ್ತಿಟ್ಟ ಮೇಲೆಯೇ ಅವರು ನಲ್ಲಿ ಬಿಟ್ಟು ಏಳುತ್ತಾರೆ.