ಒಣಗಿದ ಆಕಾಶ

ಸತ್ಯಭಾಮಾ ಮೇಲ್‌ಗೆ ಉತ್ತರ ಬರೆದು ಕಂಪ್ಯೂಟರಿನ ಗುಂಡಿ ಒತ್ತಿದಳು. ಪರದೆ ಮಿಸುಕಲಿಲ್ಲ. ಮತ್ತೆ ಒತ್ತಿದಳು. ಫೋನ್ ಎತ್ತಿದರೆ ಅದರಲ್ಲೂ ಸದ್ದಿಲ್ಲ.

ಹೈದರಾಬಾದಿನ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ ಮಧ್ಯಾಹ್ನದ ಸೆಕೆ. ಪೆಸಿಫಿಕ್ ಸಾಗರದ ದ್ವೀಪವೊಂದರ ಬೆಟ್ಟದ ಮೇಲೆ, ಅವಳ ಪರವಾಗಿ ದೂರದರ್ಶಕ ತಿರುಗಿಸುತ್ತಿದ್ದವರಿಗೆ ಆಗ ರಾತ್ರಿ. ಅರ್ಜಿಯ ಮೇಲೆ ಅರ್ಜಿ ಹಾಕಿ ಪಡೆದ ರಾತ್ರಿಗಳಲ್ಲಿ ಇದೇ ಕೊನೆಯದು. ಅವಳಿಗೆ ಬೇಕಾದ, ಮಿಲಿಮೀಟರಿಗಿಂತ ಕಿರಿದಾದ ಅಲೆಗಳನ್ನು ಗಾಳಿಯ ತೇವ ನುಂಗಿಬಿಡುತ್ತದೆ. ಹಿಂದಿನ ರಾತ್ರಿಗಳೆಲ್ಲ ಹಾಗೇ ಹೋಗಿದ್ದವು. ಬಹುದೂರದ ರೇಡಿಯೋ ಗ್ಯಾಲಕ್ಸಿಯೊಂದರಿಂದ ಮಸುಕು ಸುಳಿವೊಂದು ಮಾತ್ರ ಬಂದಿತ್ತು. ಅದು ಹೊಸದಾಗಿ ಹುಟ್ಟುವ ನಕ್ಷತ್ರಗಳು ಕಾಯಿಸಿದ ಧೂಳಿನದೋ, ಅಥವಾ ಗ್ಯಾಲಕ್ಸಿ ಉಗುಳುವ ರೇಡಿಯೋ ಅಲೆಗಳದೇ ಬಾಲವೋ ತಿಳಿಯಲು ಇನ್ನೂ ಕಿರಿದಾದ ಅಲೆಯಲ್ಲಿ ನೋಡಬೇಕಿತ್ತು. ಅವಳ ಪ್ರಬಂಧ ಅಲ್ಲಿಗೇ ನಿಂತಿತ್ತು.

ಈಗಷ್ಟೇ ಅಲ್ಲಿಂದ ಮೇಲ್ ಬಂದಿತ್ತು: "ಆಕಾಶ ಒಣಗಿದೆ. ಇಂಥದ್ದು ಅಪರೂಪ. ಇನ್ನೂ ಕಿರಿದಾದ ಅಲೆಗೆ ಬದಲಿಸಲೇ? ಕಾಯುತ್ತಿದ್ದೇವೆ." ಅವಳ ಒಪ್ಪಿಗೆಯಿಲ್ಲದೆ ಅವರು ಏನನ್ನೂ ಬದಲಿಸುವಂತಿರಲಿಲ್ಲ.

ಲೈನು ಸತ್ತದ್ದೇಕೆಂದು ನೋಡಲು ಅವಳು ಗೇಟಿನಾಚೆ ಓಡಿದಳು. ಮಾದಾಪುರದಲ್ಲಿ ಏಳುತ್ತಿದ್ದ ಆಫೀಸುಗಳಿಗಾಗಿ ರಸ್ತೆಯುದ್ದಕ್ಕೂ ಅಗೆದಿದ್ದರು. ಗುಂಡಿಯಲ್ಲಿ ನಿಂತಿದ್ದ ಕೂಲಿಯವನ ಕಾಲ ಬಳಿ ದಪ್ಪ ಕೇಬಲ್ ಒಂದು ತುಂಡಾಗಿ, ಬಣ್ಣಬಣ್ಣದ ತಂತಿ ಕಾರಿಕೊಂಡು ಬಿದ್ದಿತ್ತು.

"ಏಂ ಚೇಸಾರು ಇದಿ?" ಏನು ಮಾಡಿಟ್ಟಿರಿ ಇದು, ಎಂದು ತೆಲುಗಿನಲ್ಲೇ ಗದರಿದಳು.

ಅವನು ಮೇಲೆ ನಿಂತಿದ್ದ ಹೆಂಡತಿಯ ಕಡೆ ತಿರುಗಿ, "ಗದಿಗೆಮ್ಮಾ, ಗುತ್ತೇದಾರ ಬಂದ್ರ ನಾ ಕಡದೆ ಅಂತ ಹೇಳಬ್ಯಾಡ," ಎಂದ.

ಕಲಬುರಗಿಯ ಸತ್ಯಭಾಮಾ ತನ್ನ ಕಡೆಯ ಕನ್ನಡ ಕೇಳಿ ತೆಲುಗು ಬಿಟ್ಟಳು. "ಯಾವೂರಣ್ಣ ನಿಮ್ದು?"

"ದೇವದುರ್ಗದ ಕಡೇರಿ. ತಾಯಪ್ಪ ಅಂತಾರ." ಅವನು ಬೆವರು ಒರೆಸಿಕೊಂಡ. "ಸುಣ್ಣದ ಗೆರಿ ಹಾಕಿದ ಕಡೆ ಅಗದೀನ್ರಿ ಯಕ್ಕಾ. ಕೆಳಗ ಏನೈತಿ ಅಂತ ಯಾರೂ ಹೇಳಲಿಲ್ಲ. ನಿಮಗ ಭಾಳ ನುಕ್ಸಾನ್ ಆತೇನ್ರಿ?"

ಅವಳು ಕೈಗಡಿಯಾರ ನೋಡಿಕೊಂಡಳು. ಆಟೋ ಹಿಡಿದು ಕೊಂಡಾಪುರದ ಫೋನ್ ಬೂತಿಗೆ ಹೋದಳು. ಲೈನು ಸಿಗುವಷ್ಟರಲ್ಲಿ ಬಿಸಿಲು ಓರೆಯಾಗಿತ್ತು.

"ತುಂಬಾ ಹೊತ್ತು ಕಾದೆವು," ಎಂದಿತು ಆಚೆಯ ದನಿ. "ಇಂಥ ಆಕಾಶ ಸುಮ್ಮನೆ ಬಿಡುವಂತಿಲ್ಲ. ಬೇರೆ ತಂಡಕ್ಕೆ ಕೊಟ್ಟೆವು. ಅವರದು ಮುಗಿಯುವಾಗ ನಿಮ್ಮ ಗ್ಯಾಲಕ್ಸಿ ಮುಳುಗಿರುತ್ತದೆ. ಕ್ಷಮಿಸಿ."

ಬೈಯುವುದಕ್ಕೂ ಒಬ್ಬರು ಸಿಗಲಿಲ್ಲ. ಹಿಂದಿರುಗಿ ಮಾರ್ಗದರ್ಶಕ ನರಹರಿಯವರಿಗೆ ಹೇಳಿದಳು. ಅವರು, "ಮುಂದಿನ ವರ್ಷ ಮತ್ತ ಅರ್ಜಿ ಹಾಕೂಣು," ಎಂದರು. ಆ ಮುಂದಿನ ವರ್ಷವೇ ಅವರು ನಿವೃತ್ತರಾಗುವವರಿದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ತಾಯಪ್ಪ ಮತ್ತು ಗದಿಗೆಮ್ಮ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ಅವಳನ್ನು ಕಂಡು ತಾಯಪ್ಪ ಗಡಬಡಿಸಿ ಎದ್ದ.

"ನಾ ಯಾರಿಗೂ ಹೇಳಿಲ್ಲಣ್ಣ," ಎಂದಳು.

"ಗೊತ್ತೈತ್ರಿ. ಫೋನಿನವರು ಬಂದಿದ್ರು. ಗುತ್ತೇದಾರ ನಾಳಿಂದ ಬರಬ್ಯಾಡ ಅಂದ."

ಮಾದಾಪುರದ ಕಂಪನಿಯೊಂದರ ಬಿಳಿ ಬಸ್ಸು ದೀಪ ಹಾಕಿಕೊಂಡು, ನಿಲ್ಲದೆ ಹಾದುಹೋಯಿತು. ಗದಿಗೆಮ್ಮ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, ಕಲ್ಲುಬೆಂಚಿನ ಮೇಲೆ ಸತ್ಯಭಾಮಾಗೆ ಜಾಗ ಮಾಡಿದಳು.