ಓದಿಯೇ ಹಾಕಿದ ಸಹಿ

ಪೀಣ್ಯದ ಪಕ್ಕದ ಚೌಡಯ್ಯನಪಾಳ್ಯ ವಾರ್ಡು ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಯಿತೆಂದು ಸುದ್ದಿ ಬಂದ ದಿನ ಶಿವಶಂಕರ್ ಮಧ್ಯಾಹ್ನದ ಊಟ ಬಿಟ್ಟು ಮಹಡಿಯ ಮೇಲೆ ಹೋಗಿ ಕೂತಿದ್ದ. ಹತ್ತು ವರ್ಷ ಆ ವಾರ್ಡಿಗಾಗಿ ಗಣೇಶನ ಪೆಂಡಾಲು, ಸಾವಿನ ಮನೆ, ಪೊಲೀಸ್ ಸ್ಟೇಷನ್ನು ಎಂದು ಸುತ್ತಿದವನು ಅವನು. ಸಂಜೆ ಅವನ ತಂದೆ ದೊಡ್ಡಮುನಿಯಪ್ಪ ಮೆಟ್ಟಿಲ ಕೆಳಗೆ ನಿಂತು, "ಅದುಕ್ಯಾಕ್ಲಾ ಇಂಗೆ ಕುಂತಿದ್ದೀಯ? ನಿನ್ನ ಎಂಡ್ರು ಇಲ್ವಾ?" ಎಂದರು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ವನಜಾಳಿಗೆ ಅದು ಕೇಳಿಸಿತು. ಅವಳ ರಾಜಕೀಯ ಶುರುವಾದದ್ದು ಹೀಗೆ.

ನೆಲಮಂಗಲದ ಕಡೆಯಿಂದ ಮದುವೆಯಾಗಿ ಬಂದವಳು, ಪಿಯುಸಿವರೆಗೆ ಓದಿದ್ದಳು, ಹರ್ಷವರ್ಧನ್ ಎಂಬ ಒಬ್ಬ ಮಗನಿದ್ದ. ಕಾರ್ಖಾನೆಗಳಿಗೆ ಹೋದದ್ದು ಹೋಗಿ ಉಳಿದ ಜಮೀನಿನಲ್ಲಿ ಮಾವ ಸಾಲು ಸಾಲು ಬಾಡಿಗೆ ರೂಮು ಕಟ್ಟಿಸಿದ್ದರು. ಯಾದಗಿರಿ, ರಾಯಚೂರಿನಿಂದ ದುಡಿಯಲು ಬಂದವರು ಅಲ್ಲಿದ್ದರು. ದಿನಾ ಬೆಳಿಗ್ಗೆ ಅವರಿಗೆ ನೀರಿನ ವಾಲ್ವ್ ತಿರುಗಿಸುತ್ತಿದ್ದವಳು ವನಜಾ. ಯಾರ ಮನೆಯಲ್ಲಿ ಎಷ್ಟು ಕೊಡ, ಯಾರ ಮಗುವಿಗೆ ಜ್ವರ ಎಂಬುದು ಅವಳಿಗೆ ಗೊತ್ತಿತ್ತು. ಪೋಸ್ಟರುಗಳಲ್ಲಿ ಅವಳದು ಚಿಕ್ಕ ಫೋಟೊ, ಗಂಡನದು ದೊಡ್ಡದು. ಆದರೂ ಆ ರೂಮುಗಳ ಹೆಂಗಸರು ವೋಟು ಹಾಕಿದ್ದು ನೀರು ಬಿಡುವ ಅಕ್ಕನಿಗೆ. ಗೆದ್ದ ಮೇಲೆ ಊರೆಲ್ಲ ಶಿವಶಂಕರನನ್ನೇ ಕಾರ್ಪೊರೇಟರ್ ಎಂದು ಕರೆಯಿತು.

ಎರಡು ವರ್ಷಕ್ಕೆ ಮೇಯರ್ ಪಟ್ಟವೂ ಅದೇ ಮೀಸಲಿಗೆ ಬಂತು. ಪಕ್ಷದಲ್ಲಿ ಅರ್ಹತೆ ಇದ್ದ ಮಹಿಳೆಯರು ಮೂವರೇ. ಇಬ್ಬರ ಜಗಳ ಮುಗಿಯದೆ ಮೂರನೆಯವಳಾದ ವನಜಾಳನ್ನು ಕುರ್ಚಿಯಲ್ಲಿ ಕೂರಿಸಿದರು. ಮೊದಲ ತಿಂಗಳು ಶಿವಶಂಕರ್ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ ಅವಳು ಸಹಿ ಹಾಕಿದಳು. ಒಂದು ಸಭೆಯಲ್ಲಿ ವಿರೋಧ ಪಕ್ಷದವರೊಬ್ಬರು ಎದ್ದು, ಈಗ ತಾನೇ ಅಂಗೀಕಾರ ಮಾಡಿದ ಕಾಮಗಾರಿ ಯಾವ ರಸ್ತೆಯದು ಎಂದು ಕೇಳಿದರು. ಅವಳಿಗೆ ಹೇಳಲಾಗಲಿಲ್ಲ. ಇಡೀ ಸಭೆ ನಕ್ಕಿತು. ಗಂಡನೂ ಪ್ರೇಕ್ಷಕರ ಗ್ಯಾಲರಿಯಲ್ಲಿ ನಗುತ್ತಿದ್ದ.

ಆ ನಗು ಅವಳ ಮೈಗೆ ಅಂಟಿಕೊಂಡಿತು. ಮಾರನೆಯ ದಿನದಿಂದ ಫೈಲುಗಳನ್ನು ಮನೆಗೆ ತರಿಸಿ, ಬೆಳಿಗ್ಗೆ ಕಾಫಿಗೆ ಇಡುವ ಮುಂಚೆ ಓದತೊಡಗಿದಳು. ಅರ್ಥವಾಗದ್ದನ್ನು ಕೇಳಲು ಅವಳಿಗೆ ಸಿಕ್ಕವರು ಮಳೆನೀರು ಕಾಲುವೆ ವಿಭಾಗದ ಎಂಜಿನಿಯರ್ ಸಿದ್ದರಾಮಪ್ಪ. ಒಣಕಲು ಮನುಷ್ಯ, ಮಾತು ಕಡಿಮೆ. ಸರ್ವೆ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಯಾವುದು ಕೆರೆ, ಯಾವುದು ರಾಜಕಾಲುವೆ, ಯಾವ ಗೆರೆ ಯಾರ ಜಮೀನಿನ ಗಡಿ ಎಂದು ಬೇಸರವಿಲ್ಲದೆ ತೋರಿಸಿಕೊಟ್ಟರು. ನಾಲ್ಕು ತಿಂಗಳಲ್ಲಿ ವನಜಾ ಸಭೆಯಲ್ಲಿ ಎದ್ದವರಿಗೆ ಪುಟದ ಸಂಖ್ಯೆ ಸಮೇತ ಉತ್ತರ ಕೊಡುವಷ್ಟಾದಳು. ಬಸ್ ಸ್ಟಾಪಿನ ಹತ್ತಿರ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದಳು. ರೂಮುಗಳ ಸಾಲಿಗೆ ಕಾವೇರಿ ಪೈಪು ಎಳೆಸಿದಳು. ತಾನು ಬೆರಳು ತೋರಿಸಿದ ಕಡೆ ರಸ್ತೆ ಆಗುವುದನ್ನು ನೋಡಿದಳು. ಆ ಕುರ್ಚಿ ಅವಳಿಗೆ ಇಷ್ಟವಾಯಿತು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ವರ್ಷದ ಕೊನೆಗೆ ಆ ಫೈಲು ಬಂತು. ಶಿವಶಂಕರನ ಭಾವ ದೇವರಾಜ್ ಹಳೇ ಕೆರೆಯ ಕೆಳಗೆ ಜಾಗ ತೆಗೆದುಕೊಂಡಿದ್ದ. ಅಲ್ಲಿ ಕಾರ್ಮಿಕರಿಗೆಂದು ಐದು ಅಂತಸ್ತಿನ ರೂಮುಗಳನ್ನು ಎಬ್ಬಿಸುವ ಯೋಚನೆ. ಜಾಗದ ನಡುವೆ ಮಳೆನೀರು ಹರಿಯುವ, ಮೂವತ್ತು ಅಡಿ ಅಗಲದ ರಾಜಕಾಲುವೆ ಇತ್ತು. ಅದನ್ನು ಹತ್ತು ಅಡಿಗೆ ಇಳಿಸಿ ಒಂದು ಪಕ್ಕಕ್ಕೆ ಸರಿಸಬಹುದೆಂದು ಪಾಲಿಕೆ ನಿರ್ಣಯ ಮಾಡಬೇಕಿತ್ತು. ಸಿದ್ದರಾಮಪ್ಪ ಆ ಫೈಲಿನಲ್ಲಿ ಎರಡು ಪುಟದ ಟಿಪ್ಪಣಿ ಬರೆದಿಟ್ಟು, ತಾವೇ ಅವಳ ಕೊಠಡಿಗೆ ಬಂದರು.

"ಮೇಡಂ, ಕಾಲುವೆ ಸರಿಸಿದ್ರೂ ಮಳೆ ನೀರು ಅಲ್ಲಿಗೇ ಬರುತ್ತೆ. ಅಲ್ಲಿ ಕೆಳಗೆಲ್ಲ ಹೂಳು. ಹತ್ತು ವರ್ಷದೊಳಗೆ ಕಟ್ಟಡದ ತಳ ಕೊಚ್ಕೊಂಡು ಹೋಗುತ್ತೆ. ಇದನ್ನೊಂದು ಓದಿ."

ಅವಳು ಎರಡು ಸಲ ಓದಿದಳು. ಒಂದು ಗಂಟೆಯ ಜೋರು ಮಳೆಗೆ ಎಷ್ಟು ನೀರು ಬರುತ್ತದೆ, ಹತ್ತು ಅಡಿಯಲ್ಲಿ ಎಷ್ಟು ಹೋಗುತ್ತದೆ, ಮಿಕ್ಕಿದ್ದು ಎಲ್ಲಿ ನುಗ್ಗುತ್ತದೆ ಎಂದೆಲ್ಲ ಅದರಲ್ಲಿತ್ತು. ಒಂದು ಅಕ್ಷರವೂ ಅರ್ಥವಾಗದೆ ಉಳಿಯಲಿಲ್ಲ. ಓದಲು ಕಲಿಸಿದ್ದು ಬರೆದವರೇ. ನೋಡ್ತೀನಿ ಬಿಡಿ ಸಿದ್ದರಾಮಪ್ಪನವರೇ ಎಂದು ಕಳಿಸಿದಳು.

ಮನೆಯಲ್ಲಿ ಶಿವಶಂಕರ್ ಬೇರೆ ಲೆಕ್ಕ ಹೇಳಿದ. ಮುಂದಿನ ವರ್ಷ ವಿಧಾನಸಭೆ ಚುನಾವಣೆ. ಟಿಕೆಟ್ಟು ಅವನಿಗಲ್ಲ, ಅವಳಿಗೇ ಕೊಡಲು ಪಕ್ಷದ ದೊಡ್ಡವರು ಒಪ್ಪಿದ್ದಾರೆ. ಆದರೆ ಚುನಾವಣೆಯ ಖರ್ಚೆಲ್ಲ ಹೊರುವವನು ದೇವರಾಜ್. ಅವನ ಕೆಲಸ ಆಗದಿದ್ದರೆ ಟಿಕೆಟ್ಟೂ ಇಲ್ಲ. ವನಜಾ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಬೇಡ ಎನ್ನಲೂ ಇಲ್ಲ.

ಮಾರನೆಯ ದಿನ ಕೊಠಡಿಯ ಬಾಗಿಲು ಹಾಕಿಕೊಂಡು ಶಿವಶಂಕರ್ ಫೈಲಿನ ದಾರ ಬಿಚ್ಚಿ ಆ ಎರಡು ಹಾಳೆ ತೆಗೆದು, ಮಡಿಸಿ ಜೇಬಿಗಿಟ್ಟುಕೊಂಡ. ಪುಟದ ಸಂಖ್ಯೆಗಳ ನಡುವೆ ಖಾಲಿ ಉಳಿಯಿತು. ಅದನ್ನು ಗಮನಿಸಿದವಳು ವನಜಾ. ಹತ್ತೊಂಬತ್ತನೇ ಪುಟದಿಂದ ಕೊನೆಯವರೆಗೆ ಹಳೆಯ ಸಂಖ್ಯೆಗಳ ಮೇಲೆ ವೈಟ್ನರ್ ಹಚ್ಚಿ, ಒಣಗಿದ ಮೇಲೆ ಹದಿನೇಳರಿಂದ ಶುರುಮಾಡಿ ತನ್ನ ಕೈಯಾರೆ ಹೊಸ ಸಂಖ್ಯೆ ಬರೆದಳು. ವಾರದೊಳಗೆ ಸಭೆಯ ಗದ್ದಲದ ನಡುವೆ ಆ ನಿರ್ಣಯ ಹೆಚ್ಚುವರಿ ವಿಷಯವಾಗಿ ಪಾಸಾಯಿತು. ಅವಳು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಸಿದ್ದರಾಮಪ್ಪ ಅವಳ ಕೊಠಡಿಗೆ ಮತ್ತೆ ಬರಲಿಲ್ಲ.

ಚುನಾವಣೆ ಗೆದ್ದು ವನಜಾ ಶಾಸಕಿಯಾದಳು. ಐದು ವರ್ಷದ ಮೇಲೆ ಇನ್ನೂ ದೊಡ್ಡ ಅಂತರದಲ್ಲಿ ಎರಡನೇ ಸಲ ಗೆದ್ದಳು. ಈಗ ಜನ ಶಿವಶಂಕರನನ್ನು ಎಮ್ಮೆಲ್ಲೆ ಯಜಮಾನರು ಎನ್ನುತ್ತಿದ್ದರು. ಕೆಲಸ ಕೇಳಲು ಮಾತ್ರ ಅವಳ ಹತ್ತಿರವೇ ಬರುತ್ತಿದ್ದರು. ದೇವರಾಜನ ಕಟ್ಟಡದಲ್ಲಿ ಅರವತ್ತು ಸಂಸಾರ ತುಂಬಿತು. ಆ ಬೀದಿಯಲ್ಲಿ ಹೋಗುವಾಗ ಅವಳು ಕಾರಿನ ಇನ್ನೊಂದು ಪಕ್ಕದ ಕಿಟಕಿ ನೋಡುತ್ತಿದ್ದಳು.

ಎರಡನೇ ಅವಧಿಯ ಎರಡನೇ ವರ್ಷ, ಅಕ್ಟೋಬರಿನಲ್ಲಿ, ನಾಲ್ಕು ದಿನ ಬಿಡದೆ ಮಳೆ ಹೊಯ್ಯಿತು. ಐದನೆಯ ದಿನ ಬಿಸಿಲು ಬಂತು. ಬೆಳಿಗ್ಗೆ ಹತ್ತೂಕಾಲಿಗೆ, ದುಡಿಯುವವರೆಲ್ಲ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ, ಕಟ್ಟಡ ಕಾಲುವೆಯ ಕಡೆಗೆ ವಾಲಿ ಕುಸಿದು ಕೂತಿತು. ಒಂಬತ್ತು ಜನ ಸತ್ತರು. ಅವರಲ್ಲಿ ಐವರು ಮಕ್ಕಳು.

ವನಜಾ ಹೋದಾಗ ಎದುರು ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಹೆಸರು ನೀಲಾಂಬಿಕಾ, ಯಾದಗಿರಿಯ ಕಡೆಯವಳು. ಗಾರ್ಮೆಂಟ್ಸ್‌ನಿಂದ ಓಡಿ ಬಂದವಳ ಕೊರಳಲ್ಲಿ ಕಂಪನಿಯ ಕಾರ್ಡು ಹಾಗೇ ನೇತಾಡುತ್ತಿತ್ತು. ಮಗಳಿಗೆ ಆರು ವರ್ಷ. ಮೈ ಬೆಚ್ಚಗಿದೆ ಎಂದು ಶಾಲೆಗೆ ಕಳಿಸದೆ ಅತ್ತೆ ಚನ್ನಕ್ಕನ ಜೊತೆ ಬಿಟ್ಟು ಹೋಗಿದ್ದಳು. ಅತ್ತೆಯ ಹೆಣ ಸಿಕ್ಕಿತ್ತು. ಮಗುವನ್ನು ಇನ್ನೂ ಹುಡುಕುತ್ತಿದ್ದರು.

ನೀಲಾಂಬಿಕಾ ಅಳುತ್ತಿರಲಿಲ್ಲ. "ಅಕ್ಕಾರ, ಟೀವಿಯೊಳಗ ನಿಮ್ಮ ಹೆಸರು ಹೇಳಾಕತ್ತಾರಂತ. ಇಲ್ಲಿ ಮನಿ ಕಟ್ಟಾಕ ನೀವು ಸಹಿ ಮಾಡೀರೇನ್ರಿ?" ಎಂದು ಕೇಳಿದಳು.

ವಿಚಾರಣೆ ಮಾಡಿಸ್ತೀನಮ್ಮ ಎಂದಳು ವನಜಾ. ಹಾಗೆಂದು ಅಲ್ಲಿಂದ ಹೊರಟು ಬಂದಳು. ಮಗುವಿನ ಹೆಣ ಸಿಕ್ಕಿದ್ದು ಮಧ್ಯಾಹ್ನ ಮೂರಕ್ಕೆ.

ಆಮೇಲಿನದನ್ನೆಲ್ಲ ಪಕ್ಷದವರು, ವಕೀಲರು, ಶಿವಶಂಕರ್ ಕೂತು ತೀರ್ಮಾನಿಸಿದರು. ವನಜಾ ವಿಧಾನಸಭೆಯಲ್ಲಿ ಎದ್ದು ನಿಂತು, ಬರೆದುಕೊಟ್ಟದ್ದನ್ನು ಓದಿದಳು. ತಾನು ಆಗ ಹೊಸಬಳು, ಕಡತ ಓದಿ ತಿಳಿಯುವಷ್ಟು ಅನುಭವ ಇರಲಿಲ್ಲ, ಅಧಿಕಾರಿಗಳು ಸರಿ ಇದೆ ಎಂದದ್ದನ್ನು ನಂಬಿ ಓದದೆ ಸಹಿ ಹಾಕಿದೆ ಎಂಬುದು ಅದರ ಸಾರಾಂಶ. ವಿರೋಧ ಪಕ್ಷದವರು ಕೂಗಾಡಬಹುದೆಂದು ಅವಳು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಯಾರೂ ಕೂಗಲಿಲ್ಲ. ಹಿರಿಯ ಸದಸ್ಯರೊಬ್ಬರು ಎದ್ದು, ಪಾಪ, ಮನೆಯಲ್ಲಿದ್ದ ಹೆಣ್ಣುಮಗಳು, ಹಾಕು ಅಂದ ಕಡೆ ಹಾಕಿರುತ್ತಾಳೆ, ಅವಳನ್ನು ಯಾಕೆ ಹಿಡಿಯುತ್ತೀರಿ ಎಂದರು. ಎರಡೂ ಕಡೆಯವರು ತಲೆಯಾಡಿಸಿದರು.

ಸುಳ್ಳನ್ನು ಅಷ್ಟು ಸಲೀಸಾಗಿ ನಂಬಿಬಿಟ್ಟರಲ್ಲ ಎಂದು ಅವಳಿಗೆ ಮೊದಲು ಹಗುರವಾಯಿತು. ಕಾರು ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಅದೇ ಅವಮಾನ ಎನಿಸತೊಡಗಿತು. ಎಂಟು ವರ್ಷ ಅವಳು ಓದಿದ್ದನ್ನೂ ಮಾಡಿದ್ದನ್ನೂ ಒಬ್ಬರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ವಾರದೊಳಗೆ ಸಿದ್ದರಾಮಪ್ಪನವರನ್ನು ಬಂಧಿಸಿದರು. ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು. ತಾನು ಬೇಡವೆಂದು ಟಿಪ್ಪಣಿ ಬರೆದಿದ್ದೆ ಎಂದು ಅವರು ಹೇಳಿದರು. ಪೊಲೀಸರು ಫೈಲು ತರಿಸಿ ನೋಡಿದರೆ ಅಂಥ ಹಾಳೆಯೇ ಇಲ್ಲ. ಪುಟದ ಸಂಖ್ಯೆಗಳು ಒಂದೂ ತಪ್ಪದೆ ಸಾಲಾಗಿವೆ. ವೈಟ್ನರನ್ನು ಯಾರೂ ಕೆರೆದು ನೋಡಲಿಲ್ಲ. ತಪ್ಪಿಸಿಕೊಳ್ಳಲು ಕಥೆ ಕಟ್ಟುತ್ತಿದ್ದಾನೆ ಎಂದು ಟೀವಿಯವರು ಮೂರು ದಿನ ಹೇಳಿದರು. ಪೊಲೀಸ್ ವ್ಯಾನು ಹತ್ತುವಾಗ ಸಿದ್ದರಾಮಪ್ಪ ಮುಖಕ್ಕೆ ಅಂಗವಸ್ತ್ರ ಮುಚ್ಚಿಕೊಂಡದ್ದನ್ನು ವನಜಾ ನೋಡಿದಳು. ರಿಮೋಟು ಅವಳ ಕೈಯಲ್ಲೇ ಇತ್ತು. ಚಾನೆಲ್ಲು ಬದಲಾಯಿಸಲಿಲ್ಲ.

ಸರ್ಕಾರ ನಿವೃತ್ತ ನ್ಯಾಯಾಧೀಶರ ಆಯೋಗ ಮಾಡಿತು. ಅದರ ಮುಂದೆ ಹೋಗುವ ದಿನ ಬೆಳಿಗ್ಗೆ, ತಿಂಡಿ ತಿನ್ನುತ್ತಿದ್ದ ಗಂಡನಿಗೆ ವನಜಾ ತಾನು ನಡೆದದ್ದನ್ನು ಹೇಳುವವಳಿದ್ದೇನೆ ಎಂದಳು. ಶಿವಶಂಕರ್ ತಟ್ಟೆ ಪಕ್ಕಕ್ಕೆ ಸರಿಸಿದ.

"ಆ ಎಂಜಿನಿಯರ್‌ಗೋಸ್ಕರ ಮನೆ ಹಾಳ್ ಮಾಡ್ತೀಯಾ?"

"ಅವರಿಗೋಸ್ಕರ ಒಂದೇ ಅಲ್ಲ ರೀ. ಆ ಫೈಲು ನಾನು ಓದಿದ್ದೆ."

ಅವನು ಕೋಪದಲ್ಲಿ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವ ಮಾತನ್ನು ಹೇಳುವಂತೆ ಹೇಳಿದ: "ನೀನು ಓದಿದ್ದೆ ಅಂತ ಯಾರು ನಂಬ್ತಾರೆ ವನಜಾ?"

ಆಯೋಗದ ಮುಂದೆಯೂ ಅದೇ ಆಯಿತು. ಅವಳು ಹೇಳುತ್ತ ಹೋದ ಹಾಗೆ ಪಕ್ಷದ ವಕೀಲರು ಎದ್ದು, ಸಾವುಗಳನ್ನು ನೋಡಿ ಶಾಸಕಿಯವರ ಮನಸ್ಸು ಕೆಟ್ಟಿದೆ, ಮಾಡದ್ದನ್ನೂ ಮೈಮೇಲೆ ಎಳೆದುಕೊಳ್ಳುತ್ತಿದ್ದಾರೆ ಎಂದರು. ನ್ಯಾಯಾಧೀಶರು ಕನ್ನಡಕ ತೆಗೆದು, ಆ ಟಿಪ್ಪಣಿಯನ್ನು ನೀವು ನಿಜವಾಗಿ ಓದಿದ್ದಿರಾ ಎಂದು ಕೇಳಿದರು.

"ಎರಡು ಸಲ ಓದ್ದೆ ಸ್ವಾಮಿ. ಕಟ್ಟಡ ಬೀಳುತ್ತೆ ಅಂತ ಅದರಲ್ಲಿತ್ತು. ಬೀಳೋ ಹೊತ್ತಿಗೆ ನಾನು ಎಲ್ಲಿರ್ತೀನೋ ಅಂದ್ಕೊಂಡೆ. ಎಮ್ಮೆಲ್ಲೆ ಆಗ್ಬೇಕಾಗಿತ್ತು ನನಗೆ."

ಫೈಲು ಕೊಡಿ ಎಂದು ಕೇಳಿ ತರಿಸಿಕೊಂಡಳು. ಹದಿನೇಳನೇ ಪುಟ ತೆಗೆದು, ವೈಟ್ನರ್ ಕೆರೆದು ಕೆಳಗಿನ ಹತ್ತೊಂಬತ್ತನ್ನು ತೋರಿಸಿದಳು. ಅಂಕೆಗಳು ತನ್ನ ಕೈಬರಹ ಎಂದು ಹೇಳಿ, ಒಂದು ಖಾಲಿ ಹಾಳೆ ಇಸಿದುಕೊಂಡು ಅಲ್ಲೇ ಬರೆದು ತೋರಿಸಿದಳು. ಟಿಪ್ಪಣಿಯಲ್ಲಿದ್ದ ಅಳತೆ, ನೀರಿನ ಲೆಕ್ಕ, ಕೊನೆಯ ವಾಕ್ಯ ಎಲ್ಲವನ್ನೂ ಬಾಯಲ್ಲೇ ಹೇಳಿದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತ ಎರಡು ಸಲ ನಿಧಾನ ಮೇಡಂ ಎಂದ. ವಕೀಲರು ಮತ್ತೆ ಏಳಲಿಲ್ಲ.

ಎಂಟು ದಿನಕ್ಕೆ ಸಿದ್ದರಾಮಪ್ಪನವರಿಗೆ ಜಾಮೀನು ಸಿಕ್ಕಿತು, ಮುಂದೆ ಕೇಸಿನಿಂದಲೂ ಹೆಸರು ಬಿಟ್ಟರು. ವನಜಾ ಅವರ ಮನೆಗೆ ಹೋದಳು. ಅವರು ಬಾಗಿಲಿಗೆ ಬಂದು, ರೂಢಿಯಂತೆ ನಮಸ್ಕಾರ ಮೇಡಂ ಎಂದರು. ಒಳಗೆ ಬನ್ನಿ ಎನ್ನಲಿಲ್ಲ. ಜೈಲಿನಲ್ಲಿ ಬಂದ ಪಾರ್ಶ್ವವಾಯುವಿಗೆ ಬಲಗೈ ಜೋಲುಬಿದ್ದಿತ್ತು. ವನಜಾ ಗೇಟು ಹಾಕಿಕೊಂಡು ಬಂದಳು.

ಪಕ್ಷ ಅವಳನ್ನು ಹೊರಗೆ ಹಾಕಿತು. ಅವಳು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟಳು. ಉಪಚುನಾವಣೆಗೆ ಅದೇ ಪಕ್ಷದಿಂದ ಶಿವಶಂಕರ್ ನಿಂತ. ಮನೆ ಮನೆಗೆ ಹೋಗಿ, ಹೆಂಡತಿಗೆ ತಲೆ ಸರಿಯಿಲ್ಲ, ಆಸ್ಪತ್ರೆಗೆ ತೋರಿಸುತ್ತಿದ್ದೇನೆ ಎಂದು ಕಣ್ಣೀರು ಹಾಕಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದ ಸೀಟು ಕೊನೆಗೂ ಅವನದಾಯಿತು. ಜೇಬಿಗೆ ಹೋದ ಹಾಳೆಗಳಿಗೆ ಅವಳ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲವೆಂದು ಆರೋಪಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ದೇವರಾಜ್ ಒಂದನೇ ಆರೋಪಿ, ವನಜಾ ಎರಡನೆಯವಳು. ಅವಳು ಮನೆ ಬಿಟ್ಟು, ನೆಲಮಂಗಲದ ದಾರಿಯ ಮಾಕಳಿಯಲ್ಲಿ ಒಂದು ರೂಮು ಹಿಡಿದಳು. ಅಪ್ಪನ ಜೊತೆ ಉಳಿದ ಮಗ ಹರ್ಷವರ್ಧನ್ ಮೊದಲು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಅಪ್ಪ ಗೆದ್ದ ಮೇಲೆ ನಿಲ್ಲಿಸಿದ.

ಕಟ್ಟಡ ಬಿದ್ದ ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆ ಶುರುವಾದ ದಿನ ವನಜಾ ಬಸ್ಸಿನಲ್ಲಿ ಹೋದಳು. ಕೋಣೆಯ ಹೊರಗಿನ ಬೆಂಚಿನಲ್ಲಿ ನೀಲಾಂಬಿಕಾ ಕೂತಿದ್ದಳು. ಆ ದಿನದ ಸಾಕ್ಷಿ ಅವಳೇ. ಬೇರೆ ಕಡೆ ಜಾಗ ಇರಲಿಲ್ಲ. ವನಜಾ ಅದೇ ಬೆಂಚಿನ ತುದಿಯಲ್ಲಿ ಕೂತಳು.

"ಓದಿ ಮಾಡೀರಂತಲ್ರಿ," ಎಂದಳು ನೀಲಾಂಬಿಕಾ.

"ಹೌದಮ್ಮ."

"ಓದಲಾರದ ಮಾಡಿದ್ರ ನಾ ಒಂದಿನ ಮರೀತಿದ್ನೇನೋ. ಈಗ ಆಗಂಗಿಲ್ರಿ."

ವನಜಾ ಹೂಂ ಎಂದಳು. ಕ್ಷಮೆ ಕೇಳುವ ಮಾತು ಬಾಯಿಗೆ ಬಂದಿತ್ತು. ಅದನ್ನು ಇವಳ ಮುಂದೆ ಇಡಲು ನಾಚಿಕೆಯಾಗಿ ನುಂಗಿಕೊಂಡಳು. ಎಷ್ಟು ವರ್ಷ ಹಾಕಬಹುದು ಎಂದು ನೀಲಾಂಬಿಕಾ ಕೇಳಿದಳು. ಹತ್ತರವರೆಗೂ ಹಾಕಬಹುದಂತೆ ಎಂದಳು ವನಜಾ. ಆಕೆ ಬೆರಳು ಮಡಿಸಿ ಏನೋ ಎಣಿಸಿ, ಆಗ ತನ್ನ ಮಗಳಿಗೆ ಹದಿನೆಂಟು ಆಗುತ್ತಿತ್ತು ಎಂದಳು.

ಅಷ್ಟರಲ್ಲಿ ಜವಾನ ಹೊರಗೆ ಬಂದು ಇಬ್ಬರ ಹೆಸರನ್ನೂ ಕೂಗಿದ. ನೀಲಾಂಬಿಕಾ ಮೊದಲು ಎದ್ದು ಒಳಗೆ ಹೋದಳು. ವನಜಾ ಸೆರಗು ಸರಿ ಮಾಡಿಕೊಂಡು ಹಿಂದೆ ಹೋಗಿ, ಆರೋಪಿಗಳ ಕಟಕಟೆಯಲ್ಲಿ ನಿಂತಳು.