ಪಾರಿವಾಳ ಅರ್ಧಕ್ಕೆ ನಿಲ್ಲುವಲ್ಲಿ

ಅಲ್ಲಿ, ಅಲ್ಲೇ, ಪಾರಿವಾಳ ಗುಟುರು ಹಾಕುತ್ತಾ ಹಾಕುತ್ತಾ ಅರ್ಧಕ್ಕೆ ನಿಂತಿತು, ಕೇಳಿಸಲಿಲ್ಲವಾ, ಕಿವಿಯಲ್ಲಿ ಹತ್ತಿ ತುರುಕಿಕೊಂಡು ಕೂತಿದ್ದೀರಾ ಎಲ್ಲರೂ, ನಾನೂ ಅಲ್ಲಿದ್ದೆ ಅಂದದ್ದಕ್ಕೆ ಮರೆವು ನನಗಂತೆ, ವಿರೂಪಾಕ್ಷಪ್ಪನಿಗೆ ವಯಸ್ಸಾಯಿತಂತೆ, ಹಂಪಿಯ ಆ ಮಂಟಪದಲ್ಲಿ ರೆಕಾರ್ಡಿಂಗ್ ಆದ ದಿನ ನಾನು ಇರಲೇ ಇಲ್ಲವಂತೆ — ತಾತ, ಆಲ್ಬಮ್ಮಿನಾಗ ಎರ್ರಿಯಪ್ಪ ತಾತನ ಹೆಸರು ಐತಿ, ನಿಮ್ಮ ಹೆಸರು ಎಲ್ಲೂ ಇಲ್ಲಲ್ರೀ, ನೀವು ಬ್ಯಾರೆ ಯಾವುದೋ ದಿನ ನೆನಪು ಮಾಡ್ಕೊಂಡಿರಬೇಕು, ಅಂತ ಫೋನಿನ ಗ್ರೂಪಿನಲ್ಲಿ ಎಲ್ಲರೆದುರು ಹಾಕಿದ್ದಾನೆ ಆ ಹುಡುಗ ವೀರೇಶ, ಅದರ ಕೆಳಗೆ ನಗುವ ಮುಖಗಳ ಸಾಲು — ಲೇ, ನೀನು ಹುಟ್ಟುವ ಮೊದಲೇ ಹೊಸಪೇಟೆ ಮೇನ್ ಬಜಾರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು ನಾನು, ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿ ಟೇಪು ಮುದುರಿತ್ತು ಅಂತ ಇವತ್ತಿಗೂ ಹೇಳುತ್ತೇನೆ, ನನಗೆ ನೆನಪಿನ ಪಾಠ ಹೇಳಬೇಡ. ಇದನ್ನು ನಿಮಗೇನೂ ಕಳಿಸುತ್ತಿಲ್ಲ, ನನ್ನ ನಂಬರಿಗೇ ನಾನು ಹೇಳಿಕೊಳ್ಳುತ್ತಿದ್ದೇನೆ, ಮೊದಲು ಇಲ್ಲಿ ತಾಲೀಮು, ಆಮೇಲೆ ಗ್ರೂಪಿಗೆ, ಬೆರಳು ಮೈಕಿನ ಗುರುತಿನ ಮೇಲಿದೆ, ಮೇಲೆ ಫ್ಯಾನು ಗುಂಯ್ ಅನ್ನುತ್ತಿದೆ, ಭಾನುವಾರದ ಮಧ್ಯಾಹ್ನ, ಇನ್ನು ಸಂಜೆಯೊಳಗೆ ತೀರ್ಪು ಹೇಳಬೇಕು, ನಮ್ಮ ಗ್ರೂಪಿನ ಕಟ್ಟಳೆ ಅದು, ಕಿವಿ ಕೊಡ್ರಿ ಅಂತ ಹೆಸರು ಇಟ್ಟವನೂ ನಾನೇ, ವಾರಕ್ಕೊಂದು ಹೊಸ ಆಲ್ಬಮ್, ಸಿನಿಮಾ ಹಾಡು ಬ್ಯಾಡ, ದೊಡ್ಡ ಕಂಪನಿಯದ್ದು ಬ್ಯಾಡ, ಮನೆಯಲ್ಲಿ ಕೂತು ತಾವೇ ಮಾಡಿ ಹಾಕುವ ಹುಡುಗ ಹುಡುಗಿಯರದ್ದು ಮಾತ್ರ, ಎಲ್ಲರೂ ಒಬ್ಬೊಬ್ಬರೇ ಕೇಳಿ ತಮ್ಮ ಮಾತು ವಾಯ್ಸ್ ನೋಟಿನಲ್ಲಿ ಹಾಕಬೇಕು, ತಮ್ಮದು ಹಾಕುವ ಮೊದಲು ಬೇರೆಯವರದ್ದು ತೆರೆಯಬಾರದು.

ನಾನು ಹೇಳಿದರೆ ಒಂದು ಕಾಲಕ್ಕೆ ಅದೇ ಕೊನೆಯ ಮಾತು, ಯಾವನೋ ಇಪ್ಪತ್ತು ನಿಮಿಷ ಫ್ರಿಜ್ಜಿನ ಸದ್ದು ಹಾಕಿ ಪ್ರಯೋಗ ಅಂದಿದ್ದ, ಇದನ್ನ ನಮಗ್ಯಾಕ ಕಳಿಸ್ತೀರಿ, ರಿಪೇರಿಯವನಿಗೆ ಕಳಿಸ್ರಿ ಅಂದಿದ್ದೆ, ಎಷ್ಟು ನಕ್ಕಿದ್ದರು, ಈಗ ನನ್ನ ನೋಟನ್ನು ಡಬಲ್ ಸ್ಪೀಡಿನಲ್ಲಿ ಕೇಳುತ್ತಾರಂತೆ, ವೀರೇಶನೇ ಹೇಳಿದ, ತಾತ ನಿಮ್ಮದು ಹಂಗ ಕೇಳಿದ್ರ ಮಸ್ತ್ ಇರ್ತತಿ, ಇಲಿ ಮಾತಾಡಿದಂಗ, ಅಂತ — ನನ್ನ ಹಳೇ ಗೆಳೆಯ ಎರ್ರಿಯಪ್ಪ ಏನು ಹಾಕುತ್ತಾನೆ, ಎರಡೇ ಮಾತು, ಛಲೋ ಐತಿ, ಎಲ್ಲದಕ್ಕೂ ಛಲೋ ಐತಿ, ಫ್ರಿಜ್ಜಿಗೂ ಛಲೋ ಐತಿ, ಅದಕ್ಕೆ ಕೆಂಪು ಹೃದಯಗಳು ಸುರಿಯುತ್ತವೆ, ಅಭಿಪ್ರಾಯವಾ ಅದು, ಅವನನ್ನು ಗ್ರೂಪಿಗೆ ಸೇರಿಸಿದವನು ಯಾರು, ಫೋನು ಹಿಡಿಯೋದು ಕಲಿಸಿದವನು ಯಾರು. ಈ ವಾರದ ಆಲ್ಬಮ್ ಸಂಡೂರಿನ ಸುಷ್ಮಿತಾಳದ್ದು, ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿ ಉಳಿದ ಹೊತ್ತಿನಲ್ಲಿ ಸದ್ದು ಹಿಡಿಯುತ್ತಾ ಓಡಾಡುವ ಹುಡುಗಿ, ಅವಳು ಹುಡುಕಿಕೊಂಡು ಬಂದದ್ದು ನನ್ನನ್ನು, ಇದನ್ನು ಬೇಕಾದರೆ ಅವಳನ್ನೇ ಕೇಳಿ, ತಾತ ನಿಮ್ಮ ಅಂಗಡಿ ಹಿಂದಿನ ಖೋಲಿಯಾಗ ಭಜನೆ ರೆಕಾರ್ಡ್ ಮಾಡ್ತಿದ್ರಂತಲ್ಲ, ಅದನ್ನ ಹೇಳ್ರಿ, ನನ್ನ ಆಲ್ಬಮ್ಮಿಗೆ ಬೇಕು, ಅಂದಳು, ಶಿಫ್ಟು ಬಿಟ್ಟ ಮೇಲೆ ಅಂತ ಹೆಸರು ಇಡ್ತೀನಿ ಅಂದಳು, ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಅವಳ ಜೊತೆ ಹಂಪಿಗೆ ಹೊರಟೆ, ಎರ್ರಿಯಪ್ಪ ಅವತ್ತು ಕಂಪ್ಲಿಯಿಂದ ಸುಮ್ಮನೆ ಬಂದಿದ್ದ, ನಡೀ ನಾನೂ ಬರ್ತೀನಿ, ಬರುವಾಗ ಕಮಲಾಪುರದಾಗ ಒಗ್ಗರಣಿ ಮಿರ್ಚಿ ತಿಂದ್ರಾತು, ಅಂತ ಕಾರು ಹತ್ತಿದ, ಮಿರ್ಚಿಗೆ ಬಂದವನು ಅವನು, ಮಿರ್ಚಿಗೆ, ಈಗ ಹೆಸರು ಅವನದ್ದು.

ಆಲ್ಬಮ್ಮಿನ ನಾಲ್ಕನೆಯ ಟ್ರ್ಯಾಕು ಮತ್ತೆ ಹಾಕಿದ್ದೇನೆ, ಹೊಳೆಯ ಸದ್ದು ದೂರದಲ್ಲಿ, ಬಾಳೆತೋಟ ದಾಟಿ ಹೋದರೆ ಸಿಗುವ ಮಂಟಪ ಅದು, ಕಲ್ಲು ತಂಪಾಗಿದೆ, ಪಾರಿವಾಳ ಗುಟುರು ಹಾಕುತ್ತಿದೆ, ಇಲ್ಲಿ ನಾನು ಮಾತಾಡುತ್ತಿದ್ದೆ, ಗೋಡೆಗೆ ಹಳೇ ಸೀರೆ ಹೊಲಿದ ಕೌದಿ ನೇತುಹಾಕಿ ಖೋಲಿಯ ಗದ್ದಲವನ್ನು ಅದಕ್ಕೆ ಹೇಗೆ ಕುಡಿಸುತ್ತಿದ್ದೆ ಅಂತ ಹೇಳುತ್ತಿದ್ದೆ, ಆ ಹುಡುಗಿಯ ಕೈಯಲ್ಲಿ ಬೆಕ್ಕಿನ ಮರಿಯಂಥ ರೋಮದ ಮೈಕು, ಅದು ನನ್ನ ಕಡೆ ಮುಖ ಮಾಡಿತ್ತು, ಆಮೇಲೆ ಮೆಲ್ಲಗೆ, ನನಗೆ ಬೇಜಾರಾಗದ ಹಾಗೆ ಮೆಲ್ಲಗೆ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ ಎರ್ರಿಯಪ್ಪನ ಕಡೆ ಹೊರಳಿತು, ಯಾಕೆ, ಅವನು ಗುನುಗುತ್ತಿದ್ದ. ಅದೇನು ರಾಗವಲ್ಲ, ಹಾಡಲ್ಲ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಆಯುಷ್ಯವೆಲ್ಲ ಮಿಷನ್ನಿನ ಪಕ್ಕ ನಿಂತವನು, ಆ ಮಿಷನ್ನಿನ ಶ್ರುತಿ ಗಂಟಲಿಗೆ ಅಂಟಿಕೊಂಡಿದೆ, ಸುಮ್ಮನೆ ಕೂತಾಗ ಅದು ತಾನೇ ಹೊರಡುತ್ತದೆ, ಅವನಿಗೇ ಗೊತ್ತಿರುವುದಿಲ್ಲ, ನನ್ನ ಅಂಗಡಿಗೆ ಬಂದು ಕೂತಾಗಲೂ ಇದೇ ರೋಗ, ಒಳಗೆ ಭಜನೆಯವರು ಬಾಯಿ ತೆರೆದಿದ್ದಾರೆ, ಟೇಪು ತಿರುಗುತ್ತಿದೆ, ಈತ ಸ್ಟೂಲಿನ ಮೇಲೆ ಹ್ಞೂಂ ಅಂತ, ನಾನು ತಿರುಗಿಯೂ ನೋಡದೆ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದೆ, ನಿಲ್ಲಿಸುತ್ತಿದ್ದ, ಪಾಪ — ಪಾಪ ಏನು ಪಾಪ. ನಮ್ಮ ಪ್ಲಾಂಟಿನಾಗೂ ಎಲ್ಲಾರೂ ಹಿಂಗ ಗುನುಗ್ತಾರ ತಾತ, ಬ್ಲೋವರ್ ಸದ್ದಿನ ಜೊತಿಗೆ, ನಾನೂ ಗುನುಗ್ತೀನಂತ, ಮನ್ಯಾಗ ಅವ್ವ ಹೇಳಿದ ಮ್ಯಾಲೇ ಗೊತ್ತಾತು, ಅಂತ ಪಿಸುಗುಟ್ಟಿ ಸುಷ್ಮಿತಾ ತನ್ನ ಹೆಡ್‌ಫೋನು ತೆಗೆದು ಅವನ ತಲೆಗೆ ಹಾಕಿದಳು, ನನ್ನ ತಲೆಗಲ್ಲ, ಅವನ ತಲೆಗೆ, ತನ್ನದೇ ಸದ್ದು ಕಲ್ಲಿಗೆ ಬಡಿದು ಬರುವುದನ್ನು ಮೊದಲ ಸಲ ಕೇಳಿದ ಅವನ ಮುಖ, ಅಯ್ಯೋ, ಆ ಮುಖ, ನಾನೇನೋ ಹೇಳಿದೆ, ಮೈಕು ಭಾಳ ಹತ್ರ ಆತಮ್ಮ, ಗುಂಯ್ ಅಂತತಿ, ಸ್ವಲ್ಪ ಹಿಂದ ಸರಿಸು, ಅಂದೆ, ಇನ್ನೂ ಹೇಳುತ್ತಿದ್ದೆ, ಆಗ ಎರ್ರಿಯಪ್ಪ ಕಣ್ಣು ಬಿಡದೆ, ಈ ಕಡೆ ತಿರುಗದೆ, ಎಡಗೈ ಎತ್ತಿದ. ಅಂಗೈ. ನನ್ನದೇ ಅಂಗೈ ಅದು, ನನ್ನಿಂದ ಕಲಿತದ್ದು, ಪಾರಿವಾಳ ಅರ್ಧಕ್ಕೆ ನಿಲ್ಲುವುದು ಅಲ್ಲೇ, ಆ ಹುಡುಗಿ ಆಮೇಲೆ ನನ್ನ ಮಾತು ಕತ್ತರಿಸಿ ತೆಗೆಯುವಾಗ ಅದರ ಅರ್ಧ ಗುಟುರೂ ಹೋಗಿದೆ, ಟೇಪು ಕತ್ತರಿಸಿ ಅಂಟಿಸಿ ಬಾಳಿದವನು ನಾನು, ನನಗೆ ಕೇಳಿಸದಿದ್ದರೆ ಇನ್ಯಾರಿಗೆ ಕೇಳಿಸಬೇಕು, ಅದಾದ ಮೇಲೆ ಉಳಿದದ್ದೆಲ್ಲ ಅವನ ಗುನುಗು.

ತೀರ್ಪು ಮೂರು ಸಲ ಹೇಳಿ ನೋಡಿದೆ, ಮೈಕು ಹತ್ತಿರವಾಯಿತು ಅಂದೆ, ಅಳಿಸಿದೆ, ಸುಳ್ಳು ಅದು, ಸರಿಯಾದ ಜಾಗದಲ್ಲೇ ಇದೆ, ಶ್ರುತಿ ಇಳಿಯುತ್ತದೆ ಅಂದೆ, ಅಳಿಸಿದೆ, ಇಳಿಯುವಲ್ಲೇ ಮೈ ಜುಮ್ ಅನ್ನುತ್ತದೆ, ಇದು ಸಂಗೀತವೇ ಅಲ್ಲ ಅಂದೆ, ಅಂದು ನಾನೇ ಮತ್ತೆ ಹಾಕಿಕೊಂಡು ಕೇಳಿದೆ, ಫ್ಯಾನಿನ ಜೊತೆ ನಾನೂ ಗುನುಗಿ ನೋಡಿದೆ, ಸುಳ್ಳೇಕೆ ಹೇಳಲಿ, ಬರಲಿಲ್ಲ, ಬಾಯಿ ತೆರೆದರೆ ಮಾತೇ ಬರುತ್ತದೆ ನನಗೆ. ಆಗ ಎರ್ರಿಯಪ್ಪನದೇ ಫೋನು, ವಿರುಪಾ, ಕೇಳಿದೇನು, ಹ್ಞೂಂ ಅಂದೆ, ಗ್ರೂಪಿನಾಗ ಹುಡುಗ್ರು ಏನೇನೋ ಹೊಗಳಾಕ ಹತ್ಯಾರ, ನಾ ನಂಬಂಗಿಲ್ಲ, ಅವು ಎಲ್ಲಾದಕ್ಕೂ ಹಂಗ ಅಂತಾವು, ನೀ ಹೇಳು, ನೀ ಕೆಟ್ಟೈತಿ ಅಂದ್ರ ಆ ಹುಡುಗಿಗೆ ಫೋನ್ ಮಾಡಿ ತೆಗೆದು ಹಾಕವ್ವಾ ಅಂತೀನಿ — ನಿಜವಾಗಿ ತೆಗೆಸುತ್ತಾನೆ ಇವನು, ನನ್ನ ಒಂದು ಮಾತಿಗೆ, ನಾಲಿಗೆಯ ತುದಿಗೆ ಬಂದಿತ್ತು, ಕೆಟ್ಟೈತಿ, ಬಂದಿತ್ತು, ನಾನು ಸುಮ್ಮನಿದ್ದೆ, ಅವನು ನಕ್ಕ, ಏನಲೇ ಸುಮ್ಮನಾದಿ, ಅವತ್ತಿನಂಗ, ಅದರಾಗ ನೀ ಸುಮ್ಮನ ಕುಂತಿದ್ದೂ ಕೇಳಸ್ತತಿ ನಂಗ, ಜೀವಮಾನದಾಗ ನೀ ಬಾಯಿ ಮುಚ್ಚಿದ್ದು ಅದೊಂದ ಸಲ, ಅಂದ. ಸಂಜೆ ಹೇಳ್ತೀನಿ ಇಡು ಅಂದೆ. ಇಟ್ಟು ಮತ್ತೆ ಕೇಳಿದೆ, ಹೌದಲ್ಲ, ಕಲ್ಲಿನ ಮೇಲೆ ಇಬ್ಬರಿದ್ದಾರೆ ಅಲ್ಲಿ, ಒಬ್ಬ ಗುನುಗುತ್ತಾನೆ, ಇನ್ನೊಬ್ಬ ತಡೆದುಕೊಂಡಿದ್ದಾನೆ, ಗುನುಗುವುದು ಅವನಿಗೆ ತಾನಾಗಿ ಬರುವುದು, ತಡೆದುಕೊಳ್ಳುವುದು ಸುಲಭವಾ, ನನ್ನಂಥವನಿಗೆ, ಅದಕ್ಕೆ ಹೆಸರಿಲ್ಲ, ಹೃದಯವಿಲ್ಲ, ಏನೂ ಇಲ್ಲ. ಈಗ ಗ್ರೂಪಿಗೆ ಹಾಕಿದೆ, ಎರಡೇ ಮಾತು, ಛಲೋ ಐತಿ, ಅದನ್ನೂ ಅವನಿಂದಲೇ ಕಡ ತಂದದ್ದು, ಹೊಟ್ಟೆ ಇನ್ನೂ ಉರಿಯುತ್ತಿದೆ, ವೀರೇಶ ತಕ್ಷಣ ಹಾಕಿದ, ತಾತ ಆರಾಮ ಅದೀರಿಲ್ರೀ, ಡಾಕ್ಟ್ರಿಗೆ ತೋರ್ಸೂಣೇನು — ಆಗಲಿ, ನಗಲಿ, ಉಳಿದ ಮಾತೆಲ್ಲ ಇಲ್ಲಿದೆ, ನನ್ನ ನಂಬರಿನಲ್ಲಿ, ಈ ಫೋನು ಮುಂದೆ ಯಾರ ಕೈಗೆ ಸಿಕ್ಕರೂ ಇದನ್ನು ನಾಲ್ಕು ಜನಕ್ಕೆ ದಾಟಿಸಿ, ಡಬಲ್ ಸ್ಪೀಡ್ ಬ್ಯಾಡ, ನಾಲ್ಕನೆಯದನ್ನು ಹಾಕಿ ಕೇಳಿಸಿ ಹೇಳಿ, ಪಾರಿವಾಳ ಅರ್ಧಕ್ಕೆ ನಿಲ್ಲುವಲ್ಲಿಂದ ಕೊನೆಯವರೆಗೆ ಸುಮ್ಮನಿರುವವನು ವಿರೂಪಾಕ್ಷಪ್ಪ ಅಂತ, ಹೊಸಪೇಟೆಯವನು ಅಂತ, ಇನ್ನೂ ಒಂದು ಹೇಳಬೇಕಿತ್ತು, ಆ ಕೌದಿಯ ವಿಷಯ, ಅವತ್ತು ಪೂರ್ತಿ ಹೇಳಲಾಗಲಿಲ್ಲ, ಆ ಕೌದಿ — ಅಗೋ, ಕಣ್ಣ ಮುಂದೆ ಮತ್ತೆ ಎರ್ರಿಯಪ್ಪನ ಅಂಗೈ, ಕಣ್ಣು ಮುಚ್ಚಿಯೇ ಎತ್ತಿದ ಎಡಗೈ, ಅಂಗೈ